ತುಳಿಸಿಕೊಂಡವರೇ ‘ಸಾರಿ’ ಅನ್ನುವ ದೇಶ

ಲಂಡನ್ನಿನ ಟ್ಯೂಬ್ ರೈಲಿನಲ್ಲಿ ನೀವು ಯಾರದೋ ಕಾಲು ತುಳಿದಿರಿ ಅಂದುಕೊಳ್ಳಿ. ನೀವು ಬಾಯಿ ತೆರೆಯುವ ಮೊದಲೇ ಆ ಮನುಷ್ಯ ‘ಸಾರಿ’ ಅಂದಿರುತ್ತಾನೆ. ತುಳಿದವರು ನೀವು, ನೋವಾದದ್ದು ಅವನಿಗೆ, ಸಾರಿ ಕೇಳಿದ್ದೂ ಅವನೇ. ಇಂಗ್ಲೆಂಡಿಗೆ ಹೊಸದಾಗಿ ಹೋದವರಿಗೆ ಮೊದಮೊದಲು ಇದು ನಗು ತರಿಸುತ್ತದೆ. ಆಮೇಲೆ ಗೊಂದಲ ಶುರುವಾಗುತ್ತದೆ. ಅಂಗಡಿಯಲ್ಲಿ ಹಾಲು ಎಲ್ಲಿಟ್ಟಿದ್ದೀರಿ ಅಂತ ಕೇಳುವವರು ಸಾರಿ ಅನ್ನುತ್ತಾರೆ. ಹೋಟೆಲಿನಲ್ಲಿ ಸೂಪ್ ತಣ್ಣಗೆ ಬಂದರೆ, ಅದನ್ನು ವಾಪಸ್ ಕಳಿಸುವ ಗಿರಾಕಿಯೇ ಸಾರಿ ಅನ್ನುತ್ತಾನೆ. ಮಾತು ಸರಿಯಾಗಿ ಕೇಳಿಸದಿದ್ದರೂ ಸಾರಿ, ಸೀನು ಬಂದರೂ ಸಾರಿ. ಸ್ಟೇಷನ್ನಿನ ಮೈಕಿನೊಳಗಿರುವ ರೆಕಾರ್ಡ್ ಮಾಡಿದ ದನಿಗೂ ಈ ಅಭ್ಯಾಸ ಅಂಟಿಕೊಂಡಿದೆ. ರೈಲು ಸ್ವಲ್ಪ ತಡವಾದರೆ ಅದು ಬರೀ ಸಾರಿ ಅನ್ನುತ್ತದೆ, ತುಂಬಾ ತಡವಾದರೆ ‘ಎಕ್ಸ್‌ಟ್ರೀಮ್‌ಲಿ ಸಾರಿ’ ಅನ್ನುತ್ತದೆ.

ಇಷ್ಟೊಂದು ತಪ್ಪೊಪ್ಪಿಗೆ ಯಾಕೆ? ಈ ಜನ ನಿಜಕ್ಕೂ ಅಷ್ಟು ವಿನಯವಂತರಾ? ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನ ಬೀದಿಯಲ್ಲಿ ಕೇಳುವ ಹೆಚ್ಚಿನ ಸಾರಿಗಳಿಗೂ ತಪ್ಪಿಗೂ ಸಂಬಂಧವೇ ಇಲ್ಲ. ಅದು ಇನ್ನೊಬ್ಬರ ಜಾಗದೊಳಗೆ ಕಾಲಿಡುವಾಗ ಕಟ್ಟುವ ಟೋಲ್. ಹೆದ್ದಾರಿಯಲ್ಲಿ ಟೋಲ್ ಕಟ್ಟಿದವನು ಅಪರಾಧಿ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅಲ್ವಾ?

ಇದನ್ನು ಬೀದಿಗಿಳಿದು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ಕೇಟ್ ಫಾಕ್ಸ್ ಅಂತ ಒಬ್ಬ ಇಂಗ್ಲಿಷ್ ಮಾನವಶಾಸ್ತ್ರಜ್ಞೆ. 2004ರಲ್ಲಿ ಬಂದ ತಮ್ಮ ‘ವಾಚಿಂಗ್ ದಿ ಇಂಗ್ಲಿಷ್’ ಪುಸ್ತಕಕ್ಕಾಗಿ ಅವರು ಸ್ಟೇಷನ್ನುಗಳಲ್ಲಿ, ಜನ ತುಂಬಿದ ಬೀದಿಗಳಲ್ಲಿ ಬೇಕಂತಲೇ ಅಪರಿಚಿತರಿಗೆ ಡಿಕ್ಕಿ ಹೊಡೆದರು. ಯಾರ್‍ಯಾರು ಸಾರಿ ಅನ್ನುತ್ತಾರೆ ಅಂತ ಎಣಿಸಿದರು. ಡಿಕ್ಕಿ ಹೊಡೆಸಿಕೊಂಡ ಇಂಗ್ಲಿಷರಲ್ಲಿ ಸುಮಾರು ಶೇ. 80ರಷ್ಟು ಮಂದಿ ತಾವೇ ಸಾರಿ ಅಂದರು. ಅದೂ ಗೊಣಗಿದ ಹಾಗೆ, ತಮಗೇ ಗೊತ್ತಿಲ್ಲದ ಹಾಗೆ. ಫಾಕ್ಸ್ ಅವರಿಗೆ ಇದರಲ್ಲಿ ದೊಡ್ಡ ಕಷ್ಟ ಬೇರೆಯೇ ಇತ್ತು. ಅವರೂ ಇಂಗ್ಲಿಷರೇ ತಾನೇ? ಡಿಕ್ಕಿ ಹೊಡೆದ ಕೂಡಲೇ ಬಾಯಿಗೆ ಬರುವ ಸಾರಿಯನ್ನು ನಾಲಿಗೆ ಕಚ್ಚಿ ತಡೆದುಕೊಳ್ಳಬೇಕಾಗಿತ್ತು. ಅದಾದ ಮೇಲೆ ಕ್ಯೂ ಮುರಿಯುವ ಪ್ರಯೋಗ ಬಾಕಿ ಇತ್ತು. ಅದಕ್ಕೆ ಧೈರ್ಯ ಸಾಲದೆ, ಬೆಳಿಗ್ಗೆ ಹನ್ನೊಂದೂವರೆಗೇ ಪ್ಯಾಡಿಂಗ್ಟನ್ ಸ್ಟೇಷನ್ ಹತ್ತಿರದ ಪಬ್ಬಿನಲ್ಲಿ ಬ್ರಾಂದಿ ಹಿಡಿದು ಕೂತಿದ್ದಾಗಿ ಅವರೇ ಬರೆದಿದ್ದಾರೆ. ಬೇರೆ ದೇಶದವರ ಮೇಲೂ ಇದೇ ಡಿಕ್ಕಿ ಪ್ರಯೋಗ ಮಾಡಿದಾಗ, ಇಂಗ್ಲಿಷರ ಹತ್ತಿರಕ್ಕೆ ಬಂದವರು ಜಪಾನೀಯರು ಮಾತ್ರ.

ಇದು ಒಬ್ಬರು ಬೀದಿಯಲ್ಲಿ ನಿಂತು ಹಾಕಿದ ಲೆಕ್ಕ. ಹಾಗಾಗಿ ಆ 80ನ್ನು ಅಚ್ಚುಕಟ್ಟಾದ ಅಳತೆ ಅಂತ ಹಿಡಿದುಕೊಳ್ಳಬೇಕಿಲ್ಲ. ಆದರೆ ಗಾಳಿ ಬೀಸುವ ದಿಕ್ಕು ಅದೇ. ಯೂಗವ್ ಅನ್ನುವ ಸಮೀಕ್ಷಾ ಸಂಸ್ಥೆ ಬ್ರಿಟಿಷರನ್ನೂ ಅಮೆರಿಕನ್ನರನ್ನೂ ಹೋಲಿಸಿ ನೋಡಿತ್ತು. ಸೀನಿದಾಗ, ಇನ್ನೊಬ್ಬರ ತಪ್ಪು ತಿದ್ದುವಾಗ, ಯಾರೋ ಬಂದು ಡಿಕ್ಕಿ ಹೊಡೆದಾಗ, ಇಂಥ ಕಡೆಗಳಲ್ಲಿ ಅಮೆರಿಕನ್ನರ 10 ಸಾರಿಗೆ ಬ್ರಿಟಿಷರದು ಸುಮಾರು 15. ಒಂದೇ ಭಾಷೆ ಆಡುವ ಎರಡು ದೇಶಗಳ ನಡುವೆ ಇಷ್ಟು ವ್ಯತ್ಯಾಸ ಇದೆ ಅಂದಮೇಲೆ ಕಾರಣ ಭಾಷೆಯಲ್ಲಿಲ್ಲ, ಬದುಕುವ ರೀತಿಯಲ್ಲಿದೆ.

ಆ ರೀತಿಯನ್ನು ಅರ್ಥ ಮಾಡಿಕೊಳ್ಳಲು ಪೆನೆಲೊಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್ಸನ್ ಅನ್ನುವ ಇಬ್ಬರ ಸಿದ್ಧಾಂತ ಚೆನ್ನಾಗಿ ಸಹಾಯ ಮಾಡುತ್ತದೆ. ಮೊದಲು 1978ರಲ್ಲಿ ದೊಡ್ಡ ಪ್ರಬಂಧವಾಗಿ, ಆಮೇಲೆ 1987ರಲ್ಲಿ ಪುಸ್ತಕವಾಗಿ ಬಂತು. ಜಗತ್ತಿನಲ್ಲಿ ಮರ್ಯಾದೆಯ ಮಾತು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಲು ಅವರು ಮುಖ್ಯವಾಗಿ ಮೂರು ಭಾಷೆ ಇಟ್ಟುಕೊಂಡರು: ಇಂಗ್ಲಿಷ್, ಮೆಕ್ಸಿಕೋದ ತ್ಸೆಲ್ತಾಲ್, ಮತ್ತು ನಮ್ಮ ಪಕ್ಕದ ತಮಿಳು. ತಮಿಳಿನ ಮಾತುಗಳು ಸಿಕ್ಕಿದ್ದು ಕೊಯಮತ್ತೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ. ಹಾಗಾಗಿ ಈ ಸಿದ್ಧಾಂತ ನಮಗೆ ಪೂರ್ತಿ ಪರದೇಶದ್ದೇನೂ ಅಲ್ಲ.

ಅವರು ಹೇಳುವುದು ಇಷ್ಟು. ಪ್ರತಿಯೊಬ್ಬರಿಗೂ ಎರಡು ಆಸೆ ಇರುತ್ತವೆ. ನನ್ನನ್ನು ನಾಲ್ಕು ಜನ ಮೆಚ್ಚಬೇಕು, ನಮ್ಮವನು ಅಂತ ಸೇರಿಸಿಕೊಳ್ಳಬೇಕು. ಇದು ಒಂದು. ನನ್ನ ಪಾಡಿಗೆ ನನ್ನನ್ನು ಬಿಡಬೇಕು, ಯಾರೂ ಅಡ್ಡ ಬರಬಾರದು. ಇದು ಇನ್ನೊಂದು. ಎರಡೂ ಎಲ್ಲ ಊರಿನಲ್ಲೂ ಇವೆ. ಆದರೆ ಯಾವುದಕ್ಕೆ ಜಾಸ್ತಿ ತೂಕ ಅನ್ನುವುದು ಊರಿಂದ ಊರಿಗೆ ಬದಲಾಗುತ್ತದೆ. ಇಂಗ್ಲಿಷರು ಎರಡನೆಯದನ್ನು ಬಿಗಿಯಾಗಿ ಹಿಡಿದವರು. ಅವರ ಕಣ್ಣಿನಲ್ಲಿ ಅಪರಿಚಿತನ ಹತ್ತಿರ ಟೈಮ್ ಕೇಳುವುದೂ ಒಂದು ಸಣ್ಣ ಅತಿಕ್ರಮಣ. ಅವನು ಏನೋ ಯೋಚಿಸುತ್ತಿದ್ದ, ನೀವು ಅದನ್ನು ಕೆಡಿಸಿದಿರಿ. ಆದ್ದರಿಂದ ಮೊದಲು ಸಾರಿ, ಆಮೇಲೆ ಪ್ರಶ್ನೆ.

ಕೆಲವರು ಇದನ್ನು ಜನಸಂದಣಿಯ ಪರಿಣಾಮ ಅನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. 1801ರಲ್ಲಿ ಲಂಡನ್ನಿನ ಜನಸಂಖ್ಯೆ ಸುಮಾರು 10 ಲಕ್ಷ, 1901ರ ಹೊತ್ತಿಗೆ ಸುಮಾರು 65 ಲಕ್ಷ. 1851ರ ಜನಗಣತಿಯ ವೇಳೆಗೆ ಇಂಗ್ಲೆಂಡಿನ ಅರ್ಧಕ್ಕಿಂತ ಹೆಚ್ಚು ಜನ ಪಟ್ಟಣಗಳಲ್ಲಿದ್ದರು. 1863ರಲ್ಲಿ ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ವರೆಗೆ ಜಗತ್ತಿನ ಮೊದಲ ಸುರಂಗ ರೈಲು ಓಡಿತು. ಗುರುತಿಲ್ಲದವರ ಮೈಗೆ ಮೈ ತಾಗಿಸಿಕೊಂಡು ಬದುಕುವುದನ್ನು ಆ ಊರು ಬೇಗ ಕಲಿಯಬೇಕಾಯಿತು. ಆದರೆ ಜನಸಂದಣಿಯೇ ಕಾರಣವಾಗಿದ್ದರೆ ಮುಂಬೈ ಲೋಕಲ್ ರೈಲಿನಲ್ಲಿ ಸಾರಿಯ ಮಳೆಯೇ ಸುರಿಯಬೇಕಿತ್ತಲ್ಲ? ಅಲ್ಲಿ ಬೆನ್ನಿಗೆ ಮೊಣಕೈ ಒತ್ತಿದವನು ‘ಭಾಯಿ, ಥೋಡಾ ಸೈಡ್’ ಅನ್ನುತ್ತಾನೆ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ‘ಅಣ್ಣಾ, ಸ್ವಲ್ಪ ಒಳಗೆ ಹೋಗಿ’, ‘ಅಕ್ಕಾ, ಸ್ವಲ್ಪ ಜಾಗ ಬಿಡಿ’. ಸಮಸ್ಯೆ ಒಂದೇ. ಪರಿಹಾರ ಮಾತ್ರ ತಿರುಗುಮುರುಗು. ನಾವು ಅಪರಿಚಿತರನ್ನು ಒಂದು ಕ್ಷಣಕ್ಕೆ ನೆಂಟರನ್ನಾಗಿ ಮಾಡಿಕೊಂಡು ಹತ್ತಿರ ಎಳೆದುಕೊಳ್ಳುತ್ತೇವೆ. ಅಣ್ಣನ ಹತ್ತಿರ ಜಾಗ ಕೇಳಲು ಕ್ಷಮೆ ಯಾಕೆ ಬೇಕು? ಇಂಗ್ಲಿಷರು ಅಪರಿಚಿತರನ್ನು ಅಪರಿಚಿತರಾಗಿಯೇ ಉಳಿಸುತ್ತಾರೆ. ಇಬ್ಬರ ನಡುವಿನ ಗೆರೆ ದಾಟಬೇಕಾಗಿ ಬಂದಾಗ, ದಾಟಿದ್ದು ನನಗೆ ಗೊತ್ತಿದೆ ಅಂತ ಹೇಳಿ ದಾಟುತ್ತಾರೆ.

ಹಾಗಂತ ನಮ್ಮಲ್ಲಿ ಇಂಥ ಟೋಲ್ ಇಲ್ಲವೇ ಇಲ್ಲ ಅಂತಲ್ಲ. ಯಾರಿಗಾದರೂ ಗೊತ್ತಿಲ್ಲದೆ ಕಾಲು ತಾಗಿದರೆ ಏನು ಮಾಡುತ್ತೇವೆ? ಕೈಯಲ್ಲಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಪುಸ್ತಕಕ್ಕೆ ಕಾಲು ತಾಗಿದರೂ ಅಷ್ಟೇ. ಬಾಯಿಂದ ಒಂದು ಮಾತೂ ಬರುವುದಿಲ್ಲ. ಯೋಚನೆ ಮಾಡಿ ಮಾಡುವುದೂ ಅಲ್ಲ, ಕೈ ತಾನಾಗಿ ಹೋಗುತ್ತದೆ. ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1971ರಲ್ಲಿ ಇಂಥ ಸಣ್ಣ ಆಚರಣೆಗಳನ್ನು ರಿಪೇರಿ ಕೆಲಸ ಅಂತ ಗುರುತಿಸಿದರು. ನಾಲ್ಕು ಜನರ ನಡುವಿನ ನಿಯಮ ಒಂದು ಮುರಿಯಿತು, ಕೂಡಲೇ ತೇಪೆ ಹಾಕಬೇಕು, ಆಮೇಲೆ ಎಲ್ಲರೂ ಮುಂದೆ ಹೋಗಬೇಕು. ಕ್ಷಮೆ ಕೇಳುವವನು ಆ ಹೊತ್ತಿಗೆ ತನ್ನನ್ನು ಎರಡು ಭಾಗ ಮಾಡಿಕೊಳ್ಳುತ್ತಾನೆ ಅನ್ನುವುದು ಗಾಫ್‌ಮನ್ ಮಾತು. ಒಬ್ಬ ತಪ್ಪು ಮಾಡಿದವನು. ಇನ್ನೊಬ್ಬ ನಿಯಮದ ಪಕ್ಷಕ್ಕೆ ನಿಂತು, ಆ ಮೊದಲನೆಯವನನ್ನು ಒಪ್ಪದವನು.

ಇದನ್ನು ಇಟ್ಟುಕೊಂಡು ನೋಡಿದರೆ ತುಳಿಸಿಕೊಂಡವನ ಸಾರಿ ಅರ್ಥವಾಗುತ್ತದೆ. ಡಿಕ್ಕಿ ಆದ ಅರೆ ಸೆಕೆಂಡಿನಲ್ಲಿ ತಪ್ಪು ಯಾರದು ಅಂತ ತೀರ್ಮಾನಿಸಲು ಆಗುವುದಿಲ್ಲ. ಸಾರಿ ಅಂದರೆ ಕಳೆದುಕೊಳ್ಳುವುದು ಏನೂ ಇಲ್ಲ. ಅನ್ನದೆ ಹೋದರೆ ಒರಟ ಅನ್ನಿಸಿಕೊಳ್ಳುವ ಅಪಾಯ ಇದೆ. ಅಷ್ಟಕ್ಕೂ ಅವನ ಸಾರಿ ಒಂದು ಸುದ್ದಿ ಮುಟ್ಟಿಸುತ್ತದೆ: ನೀವು ಬೇಕಂತ ಮಾಡಿದಿರಿ ಅಂತ ನಾನು ಅಂದುಕೊಂಡಿಲ್ಲ, ಜಗಳ ಬೇಡ. ಆಗ ನೀವು ಕೊಡಬೇಕಾದ ಉತ್ತರವೂ ಸಾರಿಯೇ. ಹೊಸಬರು ಎಡವುವುದು ಇಲ್ಲೇ. ಒಳ್ಳೆಯ ಮನಸ್ಸಿನಿಂದ ‘ಪರವಾಗಿಲ್ಲ’ ಅಂದುಬಿಡುತ್ತಾರೆ. ಅಂದರೆ ಏನಾಯಿತು? ತುಳಿದವರು ನೀವು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವರೂ ನೀವೇ!

ಇನ್ನು ನಿಜವಾದ ಕ್ಷಮೆ ಹೇಗಿರುತ್ತದೆ? 1980ರ ದಶಕದ ಆರಂಭದಲ್ಲಿ ಎಲೈಟ್ ಓಲ್ಷ್‌ಟೈನ್ ಮತ್ತು ಆಂಡ್ರ್ಯೂ ಕೋಹೆನ್ ಅನ್ನುವ ಭಾಷಾ ಸಂಶೋಧಕರು ಅದರ ಐದು ತುಂಡುಗಳನ್ನು ಗುರುತಿಸಿದರು. ಕ್ಷಮೆಯ ಮಾತು, ಯಾಕೆ ಹಾಗಾಯಿತು ಅನ್ನುವ ವಿವರಣೆ, ತಪ್ಪು ನನ್ನದು ಅನ್ನುವ ಒಪ್ಪಿಗೆ, ಸರಿಪಡಿಸುವ ಭರವಸೆ, ಇನ್ನೊಮ್ಮೆ ಮಾಡುವುದಿಲ್ಲ ಅನ್ನುವ ಮಾತು. ಎಲ್ಲ ಸಲ ಐದೂ ಬೇಕಂತಿಲ್ಲ. ಬೀದಿಯ ಸಾರಿಯಲ್ಲಿ ಮೊದಲನೆಯದು ಮಾತ್ರ ಇರುತ್ತದೆ, ಹಿಂದೆ ಮುಂದೆ ಏನೂ ಇರುವುದಿಲ್ಲ. ಯಾವ ಸಾರಿ ಟೋಲ್, ಯಾವುದು ಪಶ್ಚಾತ್ತಾಪ ಅಂತ ತಿಳಿಯಲು ಇದಕ್ಕಿಂತ ಸುಲಭದ ಗುರುತು ನನಗೆ ಕಂಡಿಲ್ಲ.

ದನಿಯನ್ನೂ ಗಮನಿಸಬೇಕು. ಕೊನೆಯಲ್ಲಿ ಏರುವ ಸಾರಿ ‘ಏನಂದಿರಿ?’ ಅನ್ನುವ ಪ್ರಶ್ನೆ. ಅದೇ ಸಾರಿ ಹರಿತವಾಗಿ ಏರಿದರೆ ‘ಈಗ ಅಂದದ್ದನ್ನು ಇನ್ನೊಂದು ಸಲ ಅಂದು ನೋಡು’ ಅನ್ನುವ ಎಚ್ಚರಿಕೆ. ಕ್ಯೂನಲ್ಲಿ ನೀವು ಗೊತ್ತಿಲ್ಲದೆ ಮುಂದೆ ನುಗ್ಗಿದಾಗ ಹಿಂದಿನಿಂದ ಬರುವ ಮೆತ್ತಗಿನ ‘ಸಾರಿ, ನಾನು ಕ್ಯೂನಲ್ಲಿ ನಿಂತಿದ್ದೆ ಅನ್ನಿಸುತ್ತೆ’ ಇದೆಯಲ್ಲ, ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಅಪರೂಪ. ಇನ್ನು ‘ನಿಮಗೆ ಹಾಗೆ ಅನ್ನಿಸಿದ್ದಕ್ಕೆ ಸಾರಿ’ ಅನ್ನುವುದು ರಾಜಕಾರಣಿಗಳ ಆಸ್ತಿ. ಅದರ ಬಗ್ಗೆ ಜಾಸ್ತಿ ಹೇಳಬೇಕಿಲ್ಲ, ಅದಕ್ಕೆ ದೇಶಭೇದವಿಲ್ಲ.

ಇದರೊಳಗೆ ವರ್ಗಭೇದದ ಒಂದು ಎಳೆಯೂ ಇದೆ. ಮಾತು ಕೇಳಿಸದಿದ್ದಾಗ ‘ಪಾರ್ಡನ್?’ ಅನ್ನುತ್ತೀರೋ, ‘ಸಾರಿ?’ ಅನ್ನುತ್ತೀರೋ, ‘ವಾಟ್?’ ಅನ್ನುತ್ತೀರೋ ಅನ್ನುವುದರ ಮೇಲೆ ಇಂಗ್ಲಿಷರು ನಿಮ್ಮ ಮನೆತನ ಅಳೆಯುತ್ತಾರೆ. ತಮಾಷೆ ಅಂದರೆ ಎಲ್ಲಕ್ಕಿಂತ ನಯವಾಗಿ ಕೇಳುವ ‘ಪಾರ್ಡನ್’ ಕೆಳ ಮಧ್ಯಮ ವರ್ಗದ ಗುರುತು. ‘ಸಾರಿ’ ಮೇಲಿನ ಮಧ್ಯಮ ವರ್ಗದ್ದು. ಒರಟಾಗಿ ಕೇಳುವ ‘ವಾಟ್’ ಶ್ರೀಮಂತ ಮನೆತನಗಳದ್ದು. 1954ರಲ್ಲಿ ಭಾಷಾಶಾಸ್ತ್ರಜ್ಞ ಅಲನ್ ರಾಸ್ ಮೇಲ್ವರ್ಗದ ಮಾತು ಮತ್ತು ಉಳಿದವರ ಮಾತು ಅಂತ ಪಟ್ಟಿ ಮಾಡಿದಾಗಿನಿಂದ ಇಂಥ ಪದಗಳ ಮೇಲೆ ಅಲ್ಲಿ ಜಗಳ ನಿಂತಿಲ್ಲ.

ಈ ಅಭ್ಯಾಸ ಇಂಗ್ಲಿಷರ ರಕ್ತದಲ್ಲೇ ಇದೆ ಅನ್ನುವವರಿಗೆ 1499ರ ಒಂದು ಪತ್ರ ತೋರಿಸಬೇಕು. ಡಚ್ ವಿದ್ವಾಂಸ ಎರಾಸ್ಮಸ್ ಇಂಗ್ಲೆಂಡಿನಿಂದ ತನ್ನ ಗೆಳೆಯನಿಗೆ ಬರೆದದ್ದು ಅದು. ಇಲ್ಲಿ ಬಂದರೂ ಮುತ್ತು, ಹೊರಟರೂ ಮುತ್ತು, ಮತ್ತೆ ಬಂದರೆ ಮತ್ತೆ ಮುತ್ತು, ಎಷ್ಟು ಚೆನ್ನಾದ ಪದ್ಧತಿ ಅಂತ ಅವನು ಖುಷಿಯಿಂದ ಹೇಳಿಕೊಂಡಿದ್ದಾನೆ. ಅಂದರೆ ಐದು ನೂರು ವರ್ಷದ ಹಿಂದೆ ಹೊರಗಿನವರ ಕಣ್ಣಿಗೆ ಇಂಗ್ಲಿಷರು ಮೈಮೇಲೆ ಬೀಳುವ ಜನ! ದೂರ ನಿಲ್ಲುವ ನಯ ಬಂದದ್ದು ನಂತರ. 18ನೇ ಶತಮಾನದಲ್ಲಿ ಲಂಡನ್ನಿನ ಕಾಫಿ ಹೌಸುಗಳಲ್ಲಿ, 1711ರಲ್ಲಿ ಶುರುವಾದ ‘ದಿ ಸ್ಪೆಕ್ಟೇಟರ್’ ತರಹದ ಪತ್ರಿಕೆಗಳಲ್ಲಿ, ಹೊಸದಾಗಿ ದುಡ್ಡು ಕಂಡ ವ್ಯಾಪಾರಿಗಳು ಹೇಗೆ ನಡೆದುಕೊಳ್ಳಬೇಕು ಅನ್ನುವ ಪಾಠ ನಡೆಯಿತು. ಹುಟ್ಟಿನಿಂದ ಸಿಗದ ಮರ್ಯಾದೆಯನ್ನು ನಡತೆಯಿಂದ ಪಡೆಯಬಹುದು ಅನ್ನುವುದು ಆ ಕಾಲದ ದೊಡ್ಡ ಕನಸು.

ಅತಿಯಾದ ಸಾರಿಯಿಂದ ನಷ್ಟ ಇದೆಯೇ? ಹೆಂಗಸರು ಜಾಸ್ತಿ ಸಾರಿ ಕೇಳುತ್ತಾರೆ, ಅದಕ್ಕೇ ಆಫೀಸಿನಲ್ಲಿ ಹಿಂದೆ ಬೀಳುತ್ತಾರೆ ಅನ್ನುವ ಬೋಧನೆ ನೀವೂ ಕೇಳಿರಬಹುದು. ಇಮೇಲಿನಲ್ಲಿ ಸಾರಿ ಅಂತ ಬರೆದರೆ ಕೆಂಪು ಗೆರೆ ಎಳೆಯುವ ‘ಜಸ್ಟ್ ನಾಟ್ ಸಾರಿ’ ಅನ್ನುವ ಕ್ರೋಮ್ ಪ್ಲಗಿನ್ ಕೂಡ ಬಂದಿತ್ತು. ಆದರೆ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಕರೀನಾ ಶೂಮನ್ ಮತ್ತು ಮೈಕಲ್ ರಾಸ್ 2010ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆ ಕಥೆ ಹೇಳುತ್ತದೆ. ಗಂಡಸರು, ಹೆಂಗಸರು ಇಬ್ಬರಿಂದಲೂ ದಿನಚರಿ ಬರೆಸಿ ಅವರು ಲೆಕ್ಕ ಹಾಕಿದರು. ಹೆಂಗಸರ ಸಾರಿಗಳು ಜಾಸ್ತಿ ಇದ್ದದ್ದು ನಿಜ. ಆದರೆ ತಪ್ಪಾಯಿತು ಅಂತ ತಮಗೆ ಅನ್ನಿಸಿದಾಗ ಇಬ್ಬರೂ ಒಂದೇ ಪ್ರಮಾಣದಲ್ಲಿ ಕ್ಷಮೆ ಕೇಳಿದ್ದರು. ವ್ಯತ್ಯಾಸ ಇದ್ದದ್ದು ಯಾವುದನ್ನು ತಪ್ಪು ಅಂದುಕೊಳ್ಳುತ್ತೇವೆ ಅನ್ನುವಲ್ಲಿ. ಎಷ್ಟೋ ಸಂಗತಿ ಗಂಡಸರ ಕಣ್ಣಿಗೆ ತಪ್ಪಾಗಿ ಕಂಡೇ ಇರಲಿಲ್ಲ. ಹಾಗಿರುವಾಗ ಹೆಂಗಸರಿಗೆ ಸಾರಿ ಕಡಿಮೆ ಮಾಡಿ ಅಂತ ಬೋಧಿಸುವುದು ಯಾಕೋ ನನಗೆ ತಲೆಕೆಳಗಾದ ಔಷಧಿ ಅನ್ನಿಸುತ್ತದೆ.

ಸುಮ್ನೆ ಅಂದ ಸಾರಿಗೂ ಲಾಭ ಇದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಆಲಿಸನ್ ವುಡ್ ಬ್ರೂಕ್ಸ್ ಮತ್ತು ಸಂಗಡಿಗರು ಮಳೆ ಬರುತ್ತಿದ್ದಾಗ ಅಮೆರಿಕದ ಒಂದು ರೈಲು ನಿಲ್ದಾಣದಲ್ಲಿ ಪ್ರಯೋಗ ಮಾಡಿದರು. ಒಬ್ಬ ನಟ ಅಪರಿಚಿತರ ಬಳಿ ಹೋಗಿ ಮೊಬೈಲ್ ಕೇಳಬೇಕು. ಕೆಲವರ ಹತ್ತಿರ ನೇರವಾಗಿ ಕೇಳಿದ. ಇನ್ನು ಕೆಲವರಿಗೆ ಮೊದಲು ‘ಈ ಮಳೆಗೆ ಸಾರಿ’ ಅಂದು ಆಮೇಲೆ ಕೇಳಿದ. ನೇರವಾಗಿ ಕೇಳಿದಾಗ ಮೊಬೈಲ್ ಕೊಟ್ಟವರು ಶೇ. 9. ಮಳೆಗೆ ಸಾರಿ ಕೇಳಿದಾಗ ಶೇ. 47! ಮಳೆ ಸುರಿಸಿದ್ದು ಅವನಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ನೀವು ನೆನೆಯುತ್ತಿದ್ದೀರಿ ಅಂತ ಗಮನಿಸಿದವನ ಮೇಲೆ ನಂಬಿಕೆ ಹುಟ್ಟುತ್ತದೆ.

ಟೋಲ್ ಬೇರೆ, ತಪ್ಪೊಪ್ಪಿಗೆ ಬೇರೆ ಅಂತ ಕಾನೂನೂ ಬಿಡಿಸಿ ಹೇಳಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಅನ್ವಯಿಸುವ 2006ರ ಕಾಂಪೆನ್ಸೇಷನ್ ಆಕ್ಟ್‌ನ ಎರಡನೇ ಸೆಕ್ಷನ್ ಪ್ರಕಾರ, ಕ್ಷಮೆ ಕೇಳಿದ ಮಾತ್ರಕ್ಕೆ ನಿರ್ಲಕ್ಷ್ಯ ಒಪ್ಪಿಕೊಂಡಂತೆ ಆಗುವುದಿಲ್ಲ. ಸಾರಿಯಲ್ಲಿ ಇಂಗ್ಲಿಷರಷ್ಟೇ ಹೆಸರು ಮಾಡಿದ ಕೆನಡಾದಲ್ಲೂ ಇಂಥದೇ ಕಾನೂನುಗಳಿವೆ. ಅಲ್ಲಿನ ಪ್ರಾಂತ್ಯಗಳಾದ ಬ್ರಿಟಿಷ್ ಕೊಲಂಬಿಯಾ 2006ರಲ್ಲಿ, ಒಂಟಾರಿಯೊ 2009ರಲ್ಲಿ ಮಾಡಿಕೊಂಡವು. ಆದರೂ ಭಯ ಹೋಗಿಲ್ಲ. ಫುಟ್‌ಪಾತ್ ಮೇಲೆ ಡಿಕ್ಕಿಯಾದರೆ ಹತ್ತು ಸಾರಿ ಕೇಳುವ ಮನುಷ್ಯ, ಕಾರು ಡಿಕ್ಕಿಯಾದರೆ ಬಾಯಿ ಬಿಗಿ ಹಿಡಿಯುತ್ತಾನೆ. ತಪ್ಪು ಒಪ್ಪಿಕೊಳ್ಳಬೇಡಿ ಅಂತ ಎಷ್ಟೋ ಇನ್ಶೂರೆನ್ಸ್ ಪಾಲಿಸಿಗಳಲ್ಲೇ ಬರೆದಿರುತ್ತದೆ.

ಆಸ್ಪತ್ರೆಗಳಲ್ಲಿ ಇದು ಇನ್ನೂ ಗಂಭೀರ. ಚಿಕಿತ್ಸೆಯಲ್ಲಿ ದೊಡ್ಡ ಎಡವಟ್ಟಾದರೆ ರೋಗಿಗೆ ನಿಜ ಹೇಳಿ ಕ್ಷಮೆ ಕೇಳಲೇಬೇಕು ಅನ್ನುವ ನಿಯಮ ಇಂಗ್ಲೆಂಡಿನ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆಯ ಆಸ್ಪತ್ರೆಗಳಿಗೆ 2014ರಲ್ಲಿ ಬಂತು. ನಮ್ಮ ಕಡೆಯಿಂದ ಅಲ್ಲಿ ಕೆಲಸಕ್ಕೆ ಹೋಗುವ ಡಾಕ್ಟರುಗಳು ಈ ಸಾರಿಯ ಲೋಕಕ್ಕೆ ಕಾಲಿಡುವುದು ಆಸ್ಪತ್ರೆ ಸೇರುವ ಮುಂಚೆಯೇ, ಹೊರದೇಶದ ಡಾಕ್ಟರುಗಳಿಗಾಗಿ ಮ್ಯಾಂಚೆಸ್ಟರಿನಲ್ಲಿ ನಡೆಯುವ ಪ್ಲಾಬ್ ಎರಡನೇ ಪರೀಕ್ಷೆಯಲ್ಲಿ. ಅಲ್ಲಿ ನಟರು ರೋಗಿಗಳಾಗಿ ಕೂತಿರುತ್ತಾರೆ. ‘ನಮ್ಮ ತಂದೆ ಹೋದ ತಿಂಗಳು ತೀರಿಹೋದರು’ ಅಂತ ರೋಗಿ ಹೇಳಿದರೆ, ಮುಂದಿನ ಪ್ರಶ್ನೆ ಕೇಳುವ ಮೊದಲು ‘ಕೇಳಿ ಬೇಜಾರಾಯಿತು’ ಅನ್ನುವ ಅರ್ಥದಲ್ಲಿ ಸಾರಿ ಬರಬೇಕು. ರೋಗಿಯ ಜೊತೆ ಹೇಗೆ ಮಾತಾಡುತ್ತೀರಿ ಅನ್ನುವುದಕ್ಕೂ ಅಲ್ಲಿ ಅಂಕ ಇದೆ. ನಮ್ಮ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ನೂರಾರು ಜನರನ್ನು ನೋಡಿ ಪಳಗಿದ ಡಾಕ್ಟರಿಗೆ ಆ ಒಂದು ಮಾತು ಬಾಯಿಗೆ ಕೂರಬೇಕಾದರೆ ಅಭ್ಯಾಸ ಬೇಕು.

ಇಷ್ಟು ಸಲೀಸಾಗಿ ಸಾರಿ ಅನ್ನುವ ದೇಶ, ತಪ್ಪು ನಿಜಕ್ಕೂ ದೊಡ್ಡದಾದಾಗ ಅಳೆದು ತೂಗುತ್ತದೆ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್‌ನಲ್ಲಿ ಸತ್ತವರು ಸರ್ಕಾರಿ ಲೆಕ್ಕದಲ್ಲೇ 379. ನೂರು ವರ್ಷ ತುಂಬಿದಾಗ, 2019ರಲ್ಲಿ, ಪ್ರಧಾನಿ ತೆರೇಸಾ ಮೇ ಪಾರ್ಲಿಮೆಂಟಿನಲ್ಲಿ ತೀವ್ರ ವಿಷಾದ ಹೇಳಿದರು. ಕ್ಷಮೆ ಕೇಳಲಿಲ್ಲ. 2013ರಲ್ಲಿ, ಕೀನ್ಯಾದಲ್ಲಿ ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ ಮಾವ್ ಮಾವ್ ದಂಗೆಯ ಕಾಲದ ಚಿತ್ರಹಿಂಸೆಗೆ ವಿದೇಶಾಂಗ ಮಂತ್ರಿ ವಿಲಿಯಂ ಹೇಗ್ ವಿಷಾದ ಹೇಳಿ, 5,228 ಜನರಿಗಾಗಿ 1.99 ಕೋಟಿ ಪೌಂಡ್ ಕೊಡಲು ಒಪ್ಪಿದರು. ಆದರೆ ಅದೇ ಹೇಳಿಕೆಯಲ್ಲಿ ಕಾನೂನಿನ ಹೊಣೆ ನಮ್ಮದಲ್ಲ ಅಂತಲೂ ಸೇರಿಸಿದರು. ಕ್ಷಮೆ ಕೇಳಿದ್ದೇ ಇಲ್ಲ ಅಂತಲ್ಲ. 1972ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಕೊಂದದ್ದಕ್ಕೆ ಡೇವಿಡ್ ಕ್ಯಾಮರೂನ್ 2010ರಲ್ಲಿ ದೇಶದ ಪರವಾಗಿ ನೇರವಾಗಿ ಸಾರಿ ಅಂದರು. ಅದಕ್ಕೆ 38 ವರ್ಷ, ಮಧ್ಯೆ ಹನ್ನೆರಡು ವರ್ಷದ ಒಂದು ವಿಚಾರಣೆ ಬೇಕಾಯಿತು. ಇದನ್ನು ಬರೀ ಕಪಟ ಅಂತ ತಳ್ಳಿಹಾಕಿದರೆ ಅರ್ಧ ಮಾತ್ರ ಹೇಳಿದ ಹಾಗೆ. ಟ್ಯೂಬಿನ ಸಾರಿಯ ಹಿಂದೆ ಸಾಲ ಇಲ್ಲ. ಪಾರ್ಲಿಮೆಂಟಿನ ಸಾರಿಯ ಹಿಂದೆ ಸಾಲ ವಸೂಲಿಗೆ ಬಂದವರ ಸಾಲೇ ನಿಂತಿದೆ.

ಬೆಂಗಳೂರಿನಲ್ಲಿ ಕೂತು ಲಂಡನ್ ಅಥವಾ ಲೀಡ್ಸ್‌ನ ಕ್ಲೈಂಟ್ ಜೊತೆ ಕೆಲಸ ಮಾಡುವವರಿಗೆ ದಿನಬೆಳಗಾದರೆ ಎದುರಾಗುವುದು ಮೂರನೇ ಬಗೆ, ಇಮೇಲಿನ ಸಾರಿ. ‘ಮತ್ತೆ ಕೇಳುತ್ತಿರುವುದಕ್ಕೆ ಸಾರಿ’ ಅಂದರೆ ಇನ್ನೂ ಯಾಕೆ ಕಳಿಸಿಲ್ಲ ಅಂತ. ‘ಸಾರಿ, ನಾನು ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತೆ’ ಅಂದರೆ ನೀವು ಸರಿಯಾಗಿ ಓದಿಲ್ಲ ಅಂತ. ‘ಸಾರಿ, ನನಗೇ ಏನೋ ತಿಳಿದಿಲ್ಲದಿರಬಹುದು, ಆದರೆ ಮೂರನೇ ಪುಟದ ಲೆಕ್ಕ ಹೀಗೇನಾ?’ ಅಂತ ಬಂದರೆ ಅವರಿಗೆ ಎಲ್ಲಾ ತಿಳಿದಿದೆ, ಲೆಕ್ಕ ತಪ್ಪಾಗಿದೆ. ಅದಕ್ಕೆ ‘ಪರವಾಗಿಲ್ಲ ಸರ್’ ಅಂತ ಉತ್ತರ ಕಳಿಸಬೇಡಿ. ಮೊದಲು ಮೂರನೇ ಪುಟ ತೆಗೆದು ನೋಡಿ.